ನೀತಿಯೋ ಧರ್ಮವೋ?

ಜಮಖಂಡಿ, ಮುಧೋಳದ ಕಡೆ ಬಾಗಿಲಲ್ಲಿ ನಿಂತು ‘ಧರ್ಮ ಮಾಡ್ರಿ’ ಎಂದರೆ ಯಾರೂ ಶಾಸ್ತ್ರ ಹೇಳುವುದಿಲ್ಲ. ರೊಟ್ಟಿಯನ್ನೋ ಕಾಸನ್ನೋ ಕೈಗೆ ಹಾಕುತ್ತಾರೆ. ಸನ್ನಡತೆಗೂ ಭಿಕ್ಷೆಗೂ ಒಂದೇ ಮಾತು. ಯಹೂದಿಗಳ ಹೀಬ್ರೂ ಭಾಷೆಯ ‘ಸೆದಾಕಾ’ ಕೂಡ ಇದೇ ದಾರಿ ಹಿಡಿದ ಪದ. ಹಳೆಯ ಅರ್ಥ ನ್ಯಾಯವಾದ ನಡೆ. ಬಳಿಕ ಬಂದದ್ದು ಬಡವರಿಗೆ ಕೊಡುವ ದಾನ.

ಬೈಬಲಿನ 150 ಕೀರ್ತನೆಗಳಲ್ಲಿ ಈ ಪದವೂ ಇದರ ಬಳಗವೂ ಮತ್ತೆ ಮತ್ತೆ ಬರುತ್ತವೆ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಿಸಲು ಕೈಹಾಕಿದರು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನಮ್ಮ ನೆರೆಯ ಗುಳೇದಗುಡ್ಡಕ್ಕೆ ಬಂದರು. ಅವರಲ್ಲಿ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನೂ ಅಚ್ಚು ಹಾಕಿಸಿದವರು. ‘ಕೀರ್ತನೆ’ ಎಂಬ ದಾಸರ ಮಾತು ಈ ಹಾಡುಗಳಿಗೆ ಚೆನ್ನಾಗಿಯೇ ಒಪ್ಪಿದೆ. ಹೀಬ್ರೂ ಹೆಸರಿನ ಅರ್ಥವೂ ‘ಸ್ತುತಿಗಳು’. ಆದರೆ ಇಂದು ರೂಢಿಯಲ್ಲಿರುವ ಅನುವಾದದಲ್ಲಿ ಸೆದಾಕಾ ‘ನೀತಿ’ಯಾಗಿದೆ. ‘ಧರ್ಮ’ವು ಮೋಶೆಯ ವಿಧಿಗಳ ಪಾಲಾಗಿ ‘ಧರ್ಮಶಾಸ್ತ್ರ’ವಾಗಿದೆ. ಧರ್ಮದ ಬೆನ್ನಿಗೆ ವರ್ಣ, ಜಾತಿಗಳ ಹೊರೆ ಇತ್ತೆಂಬುದು ನಿಜ. ಆದರೂ ನೀತಿ ಎಂದೊಡನೆ ಶಾಲೆಯ ನೀತಿಪಾಠ ನೆನಪಾಗುತ್ತದೆ. ನನಗಂತೂ ಅದು ಒಣ ಮಾತು.

15ನೆಯ ಕೀರ್ತನೆಯನ್ನೇ ನೋಡಿ. ದೇವರ ಪರ್ವತದಲ್ಲಿ ವಾಸಿಸಲು ಯಾರು ಯೋಗ್ಯರು ಎಂಬುದು ಅಲ್ಲಿನ ಪ್ರಶ್ನೆ. ಉತ್ತರದಲ್ಲಿ ಬಲಿಯಿಲ್ಲ, ಕುಲವಿಲ್ಲ. ಚಾಡಿ ಹೇಳದವನು, ನಷ್ಟವಾದರೂ ಆಡಿದ ಮಾತಿಗೆ ತಪ್ಪದವನು, ಬಡ್ಡಿಗೆ ಹಣ ಕೊಡದವನು, ಲಂಚ ಮುಟ್ಟದವನು! ಸಾಲ ಮಾಡಿ ನೂಲು ತಂದು ಸೀರೆ ನೇಯ್ದ ರಬಕವಿ-ಬನಹಟ್ಟಿಯ ಮನೆಗಳಲ್ಲಿ ಈ ಪಟ್ಟಿಗೆ ಟೀಕು ಬೇಕಿಲ್ಲ. ಇದೇ ಕೃಷ್ಣೆಯ ದಂಡೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರೂ 12ನೆಯ ಶತಮಾನದಲ್ಲಿ ದೇವರ ಹಾದಿಯನ್ನು ದಿನದ ನಡೆನುಡಿಯಲ್ಲೇ ತೋರಿಸಿದರು.

ತೊಡಕು ಇರುವುದು ಮುಂದೆ. 26ನೆಯ ಕೀರ್ತನೆಯಲ್ಲಿ ಭಕ್ತ ತನ್ನ ನಿರ್ದೋಷವನ್ನು ಧೈರ್ಯವಾಗಿ ಹೇಳಿಕೊಳ್ಳುತ್ತಾನೆ. 143ನೆಯದರಲ್ಲಿ ದೇವರ ಮುಂದೆ ಜೀವಂತರಾರೂ ನಿರ್ದೋಷಿಯಲ್ಲ ಎಂದು ಕೈಚೆಲ್ಲುತ್ತಾನೆ. ಹಾಗಾದರೆ ಗುಡ್ಡ ಹತ್ತುವವರು ಯಾರು? ಅದೇ 143ರ ಭಕ್ತ ತನ್ನ ಸೆದಾಕಾವನ್ನಲ್ಲ, ದೇವರ ಸೆದಾಕಾವನ್ನೇ ಮುಂದಿಟ್ಟು ಮೊರೆಯಿಡುತ್ತಾನೆ. ಇಲ್ಲಿ ‘ನೀತಿ’ ಎಂದರೆ ಕಟಕಟೆ ಕಾಣುತ್ತದೆ. ‘ಧರ್ಮ’ ಎಂದಿದ್ದರೆ ಬಾಗಿಲಲ್ಲಿ ನಿಂತು ಬೇಡುವವನು ಕಾಣುತ್ತಿದ್ದ.

ಇದು ಕನ್ನಡದ ಕಣ್ಣಿಗೆ ಮಾತ್ರ ತೋರಿದ್ದಲ್ಲ. 24ನೆಯ ಕೀರ್ತನೆಯಲ್ಲಿ ಶುದ್ಧಹಸ್ತನಾಗಿ ಪರ್ವತ ಹತ್ತಿದವನಿಗೂ ದೇವರಿಂದ ಸಿಗುವುದು ಸೆದಾಕಾ. ಕ್ರಿಸ್ತನಿಗೂ ಮೊದಲೇ ಅದನ್ನು ಗ್ರೀಕಿಗೆ ತಂದ ಯಹೂದಿಗಳು ಆ ಜಾಗದಲ್ಲಿ ಬರೆದದ್ದು ಕರುಣೆ, ಭಿಕ್ಷೆ ಎರಡಕ್ಕೂ ಸಲ್ಲುವ ಪದವನ್ನು.