ಗದ್ದೆ ಯಾರ ಹೆಸರಿಗೆ, ಬೆಳೆ ಯಾರ ಕೈಗೆ?

ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ಒಂದು ಪುಟ್ಟ ದೇಶ. ಆಫ್ರಿಕದ ಮುಖ್ಯ ಭೂಭಾಗದಲ್ಲಿ ಅದಕ್ಕಿಂತ ಚಿಕ್ಕ ದೇಶ ಇನ್ನೊಂದಿಲ್ಲ. ಅದೇ ಹೆಸರಿನ ಒಂದು ನದಿ, ನದಿಯ ಎರಡೂ ದಡಗಳಲ್ಲಿ ಉದ್ದಕ್ಕೆ ಚಾಚಿಕೊಂಡ ಕಿರಿದಾದ ನೆಲ, ಇಷ್ಟೇ ಆ ದೇಶ. ಅಲ್ಲಿನ ಮಂಡಿಂಕಾ ಜನರಲ್ಲಿ ಬೇಸಾಯದ ಹಂಚಿಕೆ ಹಿಂದಿನಿಂದ ಬಂದದ್ದು. ಮೇಲಿನ ಒಣಭೂಮಿಯಲ್ಲಿ ನೆಲಗಡಲೆ, ಸಜ್ಜೆ, ಜೋಳ ಬೆಳೆಯುವವರು ಗಂಡಸರು. ನದಿಯಂಚಿನ ಜೌಗು ನೆಲದಲ್ಲಿ ಭತ್ತ ಬೆಳೆಯುವವರು ಹೆಂಗಸರು. ಯಾವ ಮಣ್ಣಿಗೆ ಯಾವ ತಳಿ, ಎಷ್ಟು ನೀರಿಗೆ ಯಾವ ಬೀಜ ಎಂಬ ತಿಳಿವಳಿಕೆ ತಾಯಿಯಿಂದ ಮಗಳಿಗೆ ಬರುತ್ತಿತ್ತು.

ಗ್ಯಾಂಬಿಯಾ 1965ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ರಫ್ತಿಗೆ ಇದ್ದದ್ದು ನೆಲಗಡಲೆ ಒಂದೇ; ಉಣ್ಣುವ ಅಕ್ಕಿಯನ್ನು ಹೊರಗಿನಿಂದ ತರಿಸಬೇಕಿತ್ತು. ಹೀಗಾಗಿ ದೇಶದಲ್ಲೇ ಭತ್ತ ಹೆಚ್ಚಿಸಲು ವಿದೇಶಿ ನೆರವು ಬಂತು. 1966ರಿಂದ 1974ರವರೆಗೆ ತೈವಾನಿನ ಕೃಷಿ ತಂಡ ಕೆಲಸ ಮಾಡಿತು. ಅದರ ಹಿಂದೆಯೇ ವಿಶ್ವಬ್ಯಾಂಕ್ ಬಂತು, ಆಮೇಲೆ ಚೀನಾ ಬಂತು. ಪಂಪು, ಹೊಸ ತಳಿ, ರಾಸಾಯನಿಕ ಗೊಬ್ಬರ, ಸಾಲ, ತರಬೇತಿ ಎಲ್ಲವೂ ಬಂದವು. ಆದರೆ ಇವೆಲ್ಲ ತಲುಪಿದ್ದು ಯಾರಿಗೆ? ತಲೆಮಾರುಗಳಿಂದ ಭತ್ತ ಬೆಳೆದ ಹೆಂಗಸರಿಗಲ್ಲ, ಅವರ ಗಂಡಂದಿರಿಗೆ.

ಇದರಲ್ಲಿ ಯಾರ ಕುತಂತ್ರವೂ ಇರಬೇಕಾಗಿರಲಿಲ್ಲ. ರೈತ ಎಂದರೆ ಗಂಡಸು, ಕುಟುಂಬಕ್ಕೆ ಒಬ್ಬ ಯಜಮಾನ, ಅವನ ಕೈಗೆ ಕೊಟ್ಟರೆ ಮನೆಮಂದಿಗೆಲ್ಲ ಕೊಟ್ಟಂತೆ ಎಂಬ ಚಿತ್ರ ತಜ್ಞರ ತಲೆಯಲ್ಲಿ ಮೊದಲೇ ಇತ್ತು. ಆ ಚಿತ್ರಕ್ಕೆ ಹೊಂದುವ ರೈತರನ್ನೇ ಅವರು ಹುಡುಕಿದರು. ನೀರಾವರಿ ಗದ್ದೆ ಗಂಡಸರ ಪಾಲಾಯಿತು. ನಾಟಿಗೆ, ಕಳೆಗೆ, ಕೊಯ್ಲಿಗೆ ಮಾತ್ರ ಹೆಂಗಸರೇ ಬೇಕಾದರು. ಅವರಿಗೋ ತಮ್ಮ ಜೌಗು ಗದ್ದೆಗಳ ಕೆಲಸ ಇದ್ದೇ ಇತ್ತು. ಗಂಡನ ಗದ್ದೆಗೆ ಹೆಂಡತಿಯನ್ನು ಕರೆಯಬೇಕಾದರೂ ಕೂಲಿಯ ಮಾತು ಬಂತು. ನಿರೀಕ್ಷಿಸಿದ ಇಳುವರಿ ಬರಲಿಲ್ಲ. ಈ ಸಂಗತಿಯನ್ನು ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಜೆನಿ ಡೇ ಎಂಬ ಸಂಶೋಧಕಿ 1981ರಲ್ಲಿ ಅದನ್ನು ಪ್ರಕಟಿಸಿದಾಗ, ಅಭಿವೃದ್ಧಿ ನೆರವಿನ ಚರ್ಚೆಯಲ್ಲಿ ಗ್ಯಾಂಬಿಯಾದ ಭತ್ತದ ಗದ್ದೆ ಒಂದು ದೃಷ್ಟಾಂತವಾಗಿ ನಿಂತಿತು.

ಕಾನೂನಿಗೆ ಬಂದ ಪ್ರಶ್ನೆ

ಇಂಥ ತಪ್ಪು ಗ್ಯಾಂಬಿಯಾ ಒಂದರದೇ ಅಲ್ಲ ಎಂದು ಅದಕ್ಕೂ ಮೊದಲೇ ಹೇಳಿದವರು ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್. 1950ರ ದಶಕದ ಕೊನೆಯ ವರ್ಷಗಳನ್ನು ಅವರು ಸಂಶೋಧನೆಗಾಗಿ ಭಾರತದಲ್ಲಿ ಕಳೆದಿದ್ದರು. ಆರ್ಥಿಕ ಅಭಿವೃದ್ಧಿಯಲ್ಲಿ ಮಹಿಳೆಯ ಪಾತ್ರವನ್ನು ಕುರಿತ ಅವರ ಪುಸ್ತಕ 1970ರಲ್ಲಿ ಹೊರಬಂತು. ನೇಗಿಲು ಹೂಡುವ ಏಷ್ಯಾದ ಬೇಸಾಯಕ್ಕೂ, ಗುದ್ದಲಿಯಿಂದ ನೆಲ ಅಗೆಯುವ ಆಫ್ರಿಕದ ಬೇಸಾಯಕ್ಕೂ ಇರುವ ವ್ಯತ್ಯಾಸವನ್ನು ಅವರು ತೋರಿಸಿದರು. ಆಫ್ರಿಕದ ಬಹುಭಾಗದಲ್ಲಿ ಆಹಾರದ ಬೆಳೆ ತೆಗೆಯುವವರು ಹೆಂಗಸರೇ. ಆದರೆ ಯುರೋಪಿನ ಅಧಿಕಾರಿಗಳು, ಸಲಹೆಗಾರರು ಹೊಸ ಉಪಕರಣ, ವಾಣಿಜ್ಯ ಬೆಳೆ, ಭೂಮಿಯ ಪತ್ರ ಎಲ್ಲವನ್ನೂ ಗಂಡಸರಿಗೆ ಕೊಟ್ಟರು. ಇದರಿಂದ ಇಬ್ಬರ ನಡುವಿನ ಅಂತರ ಹೆಚ್ಚಿತೇ ಹೊರತು ತಗ್ಗಲಿಲ್ಲ ಎಂಬುದು ಅವರ ವಾದ.

ಈ ವಾದ ಬೇಗನೆ ವಾಷಿಂಗ್ಟನ್ ತಲುಪಿತು. ಇಲಿನಾಯ್ ರಾಜ್ಯದ ಸೆನೆಟರ್ ಚಾರ್ಲ್ಸ್ ಪರ್ಸಿ 1973ರಲ್ಲಿ ಅಮೆರಿಕದ ವಿದೇಶಿ ನೆರವಿನ ಕಾಯ್ದೆಗೆ ಒಂದು ತಿದ್ದುಪಡಿ ತಂದರು. ನೆರವು ಪಡೆಯುವ ದೇಶಗಳ ಆರ್ಥಿಕ ಜೀವನದಲ್ಲಿ ಮಹಿಳೆಯರನ್ನು ಒಳಗೊಳ್ಳುವ ಯೋಜನೆಗಳಿಗೆ ವಿಶೇಷ ಗಮನ ಕೊಡಬೇಕು ಎಂಬುದು ಅದರ ಸಾರ. ಮರುವರ್ಷ ಅಮೆರಿಕದ ನೆರವು ಸಂಸ್ಥೆಯಲ್ಲಿ ಇದಕ್ಕಾಗಿಯೇ ಒಂದು ಕಚೇರಿ ತೆರೆಯಿತು. 1975ರಲ್ಲಿ ಮೆಕ್ಸಿಕೊ ನಗರದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನ ನಡೆಯಿತು. 1976ರಿಂದ 1985ರವರೆಗಿನ ಹತ್ತು ವರ್ಷಗಳನ್ನು ಮಹಿಳಾ ದಶಕವೆಂದು ಸಾರಲಾಯಿತು. ವಿಶ್ವಬ್ಯಾಂಕ್ ಕೂಡ 1977ರಲ್ಲಿ ಮಹಿಳಾ ವಿಷಯಗಳಿಗೆ ಒಬ್ಬ ಸಲಹೆಗಾರರನ್ನು ನೇಮಿಸಿತು.

ಪಟ್ಟಿಯಲ್ಲಿ ಹೆಸರು ಬಂತು

ಈ ಎಲ್ಲ ಪಾಠಗಳ ನಂತರ ಗ್ಯಾಂಬಿಯಾದಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಜಹಾಲಿ ಮತ್ತು ಪಚಾರ್ ಎಂಬ ಜೌಗು ಪ್ರದೇಶಗಳಲ್ಲಿ ಸುಮಾರು 1,500 ಹೆಕ್ಟೇರ್ ನೆಲವನ್ನು ಹದಗೊಳಿಸಿ, ಪಂಪು ಕೂರಿಸಿ, ವರ್ಷಕ್ಕೆ ಎರಡು ಬೆಳೆ ತೆಗೆಯುವ ಯೋಜನೆ ಅದು. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿ ಮತ್ತಿತರ ಸಂಸ್ಥೆಗಳು ಹಣ ಕೊಟ್ಟವು. ಭತ್ತ ಬೆಳೆಯುವ ಹೆಂಗಸರಿಗೇ ಗದ್ದೆ ಸಿಗಬೇಕು ಎಂದು ಈ ಬಾರಿ ಮೊದಲೇ ಗೊತ್ತುಮಾಡಲಾಗಿತ್ತು. ಆದರೂ 1984ರ ಮೊದಲ ಹಂಚಿಕೆಯಲ್ಲಿ ಗಂಡಸರ ಹೆಸರುಗಳೇ ಮುಂದೆ ಬಂದವು. ಹೆಂಗಸರು ತಕರಾರು ಎತ್ತಿದರು. ಪಟ್ಟಿ ತಿದ್ದಿ ಗದ್ದೆಗಳನ್ನು ಅವರ ಹೆಸರಿಗೆ ಬರೆಯಲಾಯಿತು. ಕಾಗದದ ಮೇಲೆ ನ್ಯಾಯ ಸಿಕ್ಕಿತು.

ಇಲ್ಲಿ ಮಂಡಿಂಕಾ ಬೇಸಾಯದ ಎರಡು ಮಾತುಗಳನ್ನು ತಿಳಿಯಬೇಕು. ಮನೆಯವರೆಲ್ಲರ ಊಟಕ್ಕಾಗಿ ಎಲ್ಲರೂ ದುಡಿಯುವ ಹೊಲ 'ಮರುವೊ'. ಅದರ ಬೆಳೆ ಯಜಮಾನನ ಕೈಯಲ್ಲಿ. ಒಬ್ಬರು ತಮಗಾಗಿ ಬೆಳೆದುಕೊಳ್ಳುವ ಹೊಲ 'ಕಮನ್ಯಂಗೊ'. ಅದರ ಬೆಳೆಯನ್ನು ಮಾರಬಹುದು, ಹಣ ಇಟ್ಟುಕೊಳ್ಳಬಹುದು, ಮಕ್ಕಳಿಗೆ ಕೊಡಬಹುದು. ಮನೆಯ ಹೊಲದಲ್ಲಿ ದುಡಿದದ್ದಕ್ಕೆ ಪ್ರತಿಯಾಗಿ ಸ್ವಂತದ ತುಂಡು ನೆಲ ಸಿಗುತ್ತದೆ ಎಂಬುದು ಹಳೆಯ ಒಪ್ಪಂದ. ಹೆಂಗಸರು ತಾವೇ ಹಸನುಮಾಡಿದ ಜೌಗು ನೆಲದಲ್ಲಿ ಇಂಥ ಹಕ್ಕು ಪಡೆದಿದ್ದರು.

ಹೊಸ ಯೋಜನೆಯ ಗದ್ದೆಗಳು ಹೆಂಗಸರ ಹೆಸರಿನಲ್ಲಿದ್ದರೂ ಮನೆಗಳಲ್ಲಿ ಅವನ್ನು 'ಮರುವೊ' ಎಂದು ಕರೆದರು. ಇಷ್ಟರಿಂದಲೇ ಎಲ್ಲವೂ ಬದಲಾಯಿತು. ಗೊಬ್ಬರ, ಬೀಜ, ನೀರಿನ ಸಾಲ ತೀರಿಸಬೇಕು. ಎಲ್ಲರ ದುಡಿಮೆ ಬೇಕು. ಆದ್ದರಿಂದ ಇದು ಕುಟುಂಬದ ಹೊಲ ಎಂದು ಗಂಡಸರು ವಾದಿಸಿದರು. ಹೆಂಡತಿ ಬಿಟ್ಟುಹೋದರೆ ಗದ್ದೆಯೂ ಮನೆಯಿಂದ ಹೋಗುತ್ತದಲ್ಲ ಎಂಬ ಅಂಜಿಕೆಯೂ ಇತ್ತು. ಮೊದಲು ಮಳೆಗಾಲದಲ್ಲಿ ಒಂದು ಬೆಳೆ ತೆಗೆಯುತ್ತಿದ್ದ ಹೆಂಗಸಿಗೆ ಈಗ ವರ್ಷವಿಡೀ ಗದ್ದೆ ಕೆಲಸ. ಆದರೆ ಕಣದ ರಾಶಿ ಅವಳದಲ್ಲ. ಹಿಂದೆ ಸ್ವಂತಕ್ಕೆ ಬೆಳೆಯುತ್ತಿದ್ದ ಜೌಗು ನೆಲವೂ ಈಗ ಯೋಜನೆಯೊಳಗೆ ಸೇರಿಹೋಗಿತ್ತು.

ಹೆಂಗಸರು ಸುಮ್ಮನಿರಲಿಲ್ಲ. ಕೆಲವರು ಗಂಡನೊಡನೆ ವಾದಿಸಿ ಬೇರೆಡೆ ಸ್ವಂತಕ್ಕೊಂದು ತುಂಡು ನೆಲ ಪಡೆದರು. ಕೆಲವರು ದುಡಿಮೆಗೆ ಬದಲಾಗಿ ಭತ್ತದಲ್ಲಿ ಪಾಲು ಕೇಳಿದರು. ಎರಡೂ ಸಿಗದವರು ಮನೆಯ ಗದ್ದೆಗೆ ಇಳಿಯುವುದನ್ನೇ ಬಿಟ್ಟರು. ನಮ್ಮ ಮುಯ್ಯಾಳಿನಂತೆ ಅಲ್ಲಿಯೂ 'ಕಾಫೋ' ಎಂಬ ಹಳೆಯ ಕೆಲಸದ ಗುಂಪುಗಳಿದ್ದವು. ಅವನ್ನು ಮತ್ತೆ ಕಟ್ಟಿಕೊಂಡು, ಒಟ್ಟಾಗಿ ಕೂಲಿ ಗೊತ್ತುಮಾಡಿ, ನಾಟಿಗೂ ಕಳೆಗೂ ಹೋದರು. ಇದನ್ನು ವಿವರವಾಗಿ ದಾಖಲಿಸಿದವರು ಅಮೆರಿಕದ ಭೂಗೋಳಶಾಸ್ತ್ರಜ್ಞೆ ಜುಡಿತ್ ಕಾರ್ನಿ. ಮೊದಲಿನ ಯೋಜನೆಗಳು ಹೆಂಗಸರನ್ನು ಕಾಣದೆ ಎಡವಿದ್ದವು. ಈ ಯೋಜನೆ ಅವರನ್ನು ಕಂಡಿತು, ಹೆಸರನ್ನೂ ಬರೆದುಕೊಂಡಿತು. ಬೆಳೆಯ ಮೇಲೆ ಯಾರ ಅಧಿಕಾರ ಎಂಬುದನ್ನು ಮಾತ್ರ ಕೇಳಲಿಲ್ಲ.

ಬೆಂಗಳೂರಿನಲ್ಲಿ ಎದ್ದ ಮಾತು

ಜಹಾಲಿ-ಪಚಾರ್‌ನಲ್ಲಿ ಗದ್ದೆ ಹಂಚುತ್ತಿದ್ದ ಅದೇ 1984ರಲ್ಲಿ, ಬೆಂಗಳೂರಿನಲ್ಲಿ ಒಂದು ಸಭೆ ಸೇರಿತು. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರ ಮುಂದಾಳತ್ವದಲ್ಲಿ ಏಷ್ಯಾ, ಆಫ್ರಿಕ, ಲ್ಯಾಟಿನ್ ಅಮೆರಿಕ ಮುಂತಾದ ಕಡೆಗಳ ಚಿಂತಕಿಯರು ಅಲ್ಲಿ ಕೂಡಿದ್ದರು. 'ಡಾನ್' ಎಂಬ ಬಳಗ ಹುಟ್ಟಿದ್ದು ಆ ಸಭೆಯಲ್ಲಿ. ಅಭಿವೃದ್ಧಿಯಲ್ಲಿ ಮಹಿಳೆಯರಿಗೂ ಜಾಗ ಕೊಡಿ ಎಂದು ಶ್ರೀಮಂತ ದೇಶಗಳು ಹೇಳುತ್ತಿದ್ದವು. ಈ ಬಳಗದ ಪ್ರಶ್ನೆ ಬೇರೆ: ಬಡ ಹೆಂಗಸು ಅಭಿವೃದ್ಧಿಯ ಹೊರಗೆ ಎಲ್ಲಿದ್ದಾಳೆ? ಅದರ ಭಾರವನ್ನೆಲ್ಲ ಹೊತ್ತಿರುವವಳು ಅವಳೇ ಅಲ್ಲವೇ? ಹಾಗಾದರೆ ಬದಲಾಗಬೇಕಾದದ್ದು ಅಭಿವೃದ್ಧಿಯ ದಾರಿಯೇ ಎಂಬ ಈ ವಾದವನ್ನು ಗೀತಾ ಸೇನ್ ಮತ್ತು ಕ್ಯಾರೆನ್ ಗ್ರೋನ್ ಪುಸ್ತಕರೂಪಕ್ಕೆ ತಂದರು. 1985ರ ನೈರೋಬಿ ಸಮ್ಮೇಳನದ ಹೊತ್ತಿಗೆ ಅದು ಜಗತ್ತಿನ ಗಮನ ಸೆಳೆಯಿತು.

ಕರ್ನಾಟಕಕ್ಕೆ ಈ ಚರ್ಚೆ ಪುಸ್ತಕದಲ್ಲಿ ಮಾತ್ರ ಬರಲಿಲ್ಲ. 1989ರಲ್ಲಿ ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಮಹಿಳಾ ಸಮಾಖ್ಯಾ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಯ ಹೆಂಗಸರು ಮೊದಲು ಸಂಘವಾಗಿ ಕೂಡಲಿ, ತಮಗೆ ಬೇಕಾದುದೇನು ಎಂದು ತಾವೇ ಹೇಳಲಿ ಎಂಬುದು ಅದರ ನಡೆ. ಹೊಲಿಗೆಯಂತ್ರ ಹಂಚಿ ಲೆಕ್ಕ ಒಪ್ಪಿಸುವ ರೀತಿ ಅದಾಗಿರಲಿಲ್ಲ. ಕಳೆದ ದಶಕದಲ್ಲಿ ಕೇಂದ್ರ ಅದರ ನೆರವನ್ನು ನಿಲ್ಲಿಸಿತು.

1995ರ ಬೀಜಿಂಗ್ ಸಮ್ಮೇಳನದಲ್ಲಿ 189 ದೇಶಗಳು ಒಪ್ಪಿದ ಕಾರ್ಯಸೂಚಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಹಿಳೆಯರಿಗೆ ಬೇರೆ ಕಚೇರಿ, ಬೇರೆ ಯೋಜನೆ ಸಾಲದು. ರಸ್ತೆಯಿರಲಿ, ಕಾಲುವೆಯಿರಲಿ, ಬ್ಯಾಂಕಿರಲಿ, ಪ್ರತಿಯೊಂದು ನಿರ್ಧಾರಕ್ಕೂ ಮುನ್ನ ಅದು ಹೆಣ್ಣಿಗೂ ಗಂಡಿಗೂ ಏನು ಮಾಡುತ್ತದೆ ಎಂದು ನೋಡಬೇಕು ಎಂಬುದು ಆಗ ಒಪ್ಪಿತವಾದ ನೀತಿ. ಅಂದಿನಿಂದ ನೆರವಿನ ಅರ್ಜಿಗಳಲ್ಲಿ ಈ ಪ್ರಶ್ನೆಗೊಂದು ಅಂಕಣ ಸೇರಿಕೊಂಡಿತು. ಅಂಕಣ ತುಂಬುವುದು ಸುಲಭವಾದಂತೆ ಪ್ರಶ್ನೆಯ ಮೊನೆ ಮೊಂಡಾಯಿತು ಎಂಬ ದೂರೂ ಹುಟ್ಟಿತು.

ಈಚೆಗೆ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಸ್ವೀಡನ್ 2014ರಲ್ಲಿ ಸಾರಿದ ಸ್ತ್ರೀವಾದಿ ವಿದೇಶಾಂಗ ನೀತಿಯನ್ನು 2022ರಲ್ಲಿ ಕೈಬಿಟ್ಟಿತು. ಪರ್ಸಿ ತಿದ್ದುಪಡಿಯನ್ನು ಜಾರಿಗೆ ತಂದಿದ್ದ ಅಮೆರಿಕದ ನೆರವು ಸಂಸ್ಥೆ 2025ರ ಜುಲೈನಲ್ಲಿ ಬಾಗಿಲು ಮುಚ್ಚಿತು. ನೆರವಿನ ಹಣ ಕಡಿಮೆಯಾದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಮಾತು ಬರುತ್ತದೆ. ಮಹಿಳೆಯರ ವಿಷಯ ಅನುಕೂಲ ಇದ್ದಾಗ ನೋಡಿಕೊಳ್ಳುವ ಹೆಚ್ಚುವರಿ ಎಂದು ತಿಳಿದವರು ಅದನ್ನೇ ಮೊದಲು ಬಿಡುತ್ತಾರೆ. ಗ್ಯಾಂಬಿಯಾದ ಅನುಭವ ಇದಕ್ಕೆ ವಿರುದ್ಧವಾಗಿದೆ. ಅಲ್ಲಿ ಪಂಪಿಗೂ ಗೊಬ್ಬರಕ್ಕೂ ಹಣದ ಕೊರತೆ ಇರಲಿಲ್ಲ. ಬೆಳೆಯುವವರು ಯಾರು, ಬೆಳೆ ಯಾರ ಕೈ ಸೇರುತ್ತದೆ ಎಂದು ಗದ್ದೆಗಿಳಿದು ಕೇಳುವುದಕ್ಕೆ ಹೆಚ್ಚು ಖರ್ಚೂ ಆಗುತ್ತಿರಲಿಲ್ಲ. ಕೇಳದೆ ಹೋದದ್ದರ ನಷ್ಟವನ್ನು ಮಾತ್ರ ಗದ್ದೆಯಲ್ಲಿದ್ದವರು ವರ್ಷಗಟ್ಟಲೆ ತೆತ್ತರು.