ಡೆಂಗ್ಯೂ ಜ್ವರದ ನಿರ್ಣಯ: ಒಂದು ಚಾರಿತ್ರಿಕ ವಿವೇಚನೆ

ರೋಗದ ಚರಿತ್ರೆಯೆಂದರೆ ಅದರ ಹಾವಳಿಗಳ ಚರಿತ್ರೆಯೆಂದು ಭಾವಿಸುವುದು ರೂಢಿ. ಡೆಂಗ್ಯೂ ಜ್ವರದ ವಿಷಯದಲ್ಲಿ, ಅದನ್ನು ಗುರುತಿಸುವುದಕ್ಕೆ ನಡೆದ ಯತ್ನಗಳ ಚರಿತ್ರೆಯನ್ನು ಅರಿಯದೆ ಹಾವಳಿಗಳ ಚರಿತ್ರೆಯನ್ನು ಬರೆಯುವುದೇ ದುಸ್ಸಾಧ್ಯ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1780ರಲ್ಲಿ ಹಬ್ಬಿದ ಜ್ವರವೊಂದನ್ನು ವರ್ಣಿಸಿದ ಬೆಂಜಮಿನ್ ರಷ್ ಎಂಬ ವೈದ್ಯನು, ಜನರು ಅದನ್ನು ಎಲುಬು ಮುರಿಯುವ ಜ್ವರವೆಂದು ಕರೆಯುತ್ತಿದ್ದರೆಂದು ಹೇಳಿರುವನು. ಹೆಸರು ಅನ್ವರ್ಥವಾದುದೇ. ಆದರೆ ಅಂತಹ ನೋವು ಚಿಕುನ್‌ಗುನ್ಯಾದಲ್ಲಿಯೂ ಉಂಟು. ಆ ರೋಗವು ಬೇರೆಯೆಂದು ತಿಳಿದದ್ದು 1952ರಲ್ಲಿ ಟಾಂಗನೀಕದಲ್ಲಿ ಅದು ಹಬ್ಬಿದ ಮೇಲೆಯೇ. ಆದುದರಿಂದ 19ನೆಯ ಶತಮಾನದ ದಾಖಲೆಗಳಲ್ಲಿ 'ಡೆಂಗ್ಯೂ' ಎಂದಿರುವ ಹಾವಳಿಗಳಲ್ಲಿ ಕೆಲವು, ಭಾರತದವೂ ಸೇರಿದಂತೆ, ಚಿಕುನ್‌ಗುನ್ಯಾ ಆಗಿದ್ದಿರಬೇಕೆಂದು ಇತ್ತೀಚಿನ ಕೆಲವು ವಿದ್ವಾಂಸರ ಮತ. ಹಳೆಯ ಕಡತದ ಹೆಸರನ್ನು ನಂಬಿ ನಡೆಯುವ ಚರಿತ್ರಕಾರನು ಇಲ್ಲಿ ಎಡವುವುದು ಸಹಜ.

ಬಹುಕಾಲ ಈ ರೋಗಕ್ಕೆ ಮನುಷ್ಯದೇಹದ ಹೊರತು ಬೇರೆ ಪರೀಕ್ಷಾಸಾಧನವೇ ಇರಲಿಲ್ಲ. 1907ರಲ್ಲಿ ಫಿಲಿಪೈನ್ಸಿನಲ್ಲಿದ್ದ ಆಷ್‌ಬರ್ನ್ ಮತ್ತು ಕ್ರೇಗ್ ಎಂಬ ಸೇನಾವೈದ್ಯರು ರೋಗಿಗಳ ರಕ್ತವನ್ನು ಬ್ಯಾಕ್ಟೀರಿಯಗಳು ದಾಟಲಾರದ ಶೋಧಕದ ಮೂಲಕ ಸೋಸಿ, ಒಪ್ಪಿ ಮುಂದೆ ಬಂದವರ ದೇಹಕ್ಕೆ ಚುಚ್ಚಿದರು. ಅವರಿಗೂ ಜ್ವರ ಬಂದಿತು. ರೋಗಕಾರಕವು ಸೂಕ್ಷ್ಮದರ್ಶಕಕ್ಕೂ ಅಗೋಚರವಾದುದೆಂಬುದು ಹೀಗೆ ಸಿದ್ಧವಾಯಿತು. 1943ರಲ್ಲಿ ಕಿಮೂರ ಮತ್ತು ಹೊತ್ತ ಎಂಬ ಜಪಾನೀಯರು ನಾಗಸಾಕಿಯ ರೋಗಿಗಳ ರಕ್ತವನ್ನು ಎಳೆಯ ಇಲಿಮರಿಗಳ ಮೆದುಳಿಗೆ ಸೇರಿಸಿ ವೈರಸ್ಸನ್ನು ಪ್ರತ್ಯೇಕಿಸಿದರು. ಮರುವರ್ಷ ಆಲ್ಬರ್ಟ್ ಸೇಬಿನ್ನನು ಅದೇ ಕಾರ್ಯವನ್ನು ಕಲ್ಕತ್ತ, ನ್ಯೂಗಿನಿ, ಹವಾಯಿಗಳಲ್ಲಿ ಕಾಯಿಲೆ ಬಿದ್ದ ಅಮೆರಿಕದ ಸೈನಿಕರ ರಕ್ತದಿಂದ ಸಾಧಿಸಿದನು. ಒಂದು ಬಗೆಯ ಡೆಂಗ್ಯೂವಿನಿಂದ ಗುಣಹೊಂದಿದವನಿಗೆ ಮತ್ತೊಂದು ಬಗೆಯಿಂದ ಶಾಶ್ವತವಾದ ರಕ್ಷಣೆ ದೊರೆಯುವುದಿಲ್ಲವೆಂದು ತೋರಿಸಿದವನೂ ಅವನೇ. ಆ ಪರೀಕ್ಷೆಯೂ ಮನುಷ್ಯರ ಮೇಲೆಯೇ ನಡೆಯಿತು. ಇನ್ನೆರಡು ಬಗೆಗಳು 1956ರಲ್ಲಿ ಮನಿಲದಲ್ಲಿ ಕಂಡುಬಂದವು.

ಬಳಿಕ ರಕ್ತದೊಳಗಿನ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆಗಳು ಹುಟ್ಟಿದವು. ಇವುಗಳ ದೋಷ ಎರಡು. ಮೊದಲ ಬಾರಿ ರಕ್ತ ತೆಗೆದು, ಒಂದೆರಡು ವಾರಗಳ ನಂತರ ಮತ್ತೆ ತೆಗೆದು ಹೋಲಿಸಬೇಕಾಗಿದ್ದಿತು. ಉತ್ತರ ಬರುವಷ್ಟರಲ್ಲಿ ರೋಗಿ ಎದ್ದು ಓಡಾಡುತ್ತಿದ್ದನು, ಇಲ್ಲವೆ ತೀರಿಹೋಗಿದ್ದನು. ಅಲ್ಲದೆ ಒಂದೇ ಕುಲದ ವೈರಸ್ಸುಗಳಿಗೆ ಹುಟ್ಟುವ ಪ್ರತಿಕಾಯಗಳು ಪರಸ್ಪರ ಹೋಲುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಡಿನಲ್ಲಿ ಕಂಡುಬಂದ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್ಸೂ ಆ ಕುಲದ್ದೇ. 1980ರ ದಶಕದಲ್ಲಿ ರೂಢಿಗೆ ಬಂದ ಐಜಿಎಂ ಪರೀಕ್ಷೆಗೆ ಒಂದೇ ಸಲದ ರಕ್ತ ಸಾಕಾದರೂ, ಜ್ವರದ ನಾಲ್ಕೈದು ದಿನಗಳು ಕಳೆಯುವವರೆಗೆ ಅದು ಮೌನವಾಗಿಯೇ ಇರುತ್ತಿದ್ದಿತು.

ಈ ಆರಂಭದ ದಿನಗಳ ಕತ್ತಲೆಯನ್ನು ನೀಗಿದುದು ಎನ್‌ಎಸ್1 ಎಂಬ ಪ್ರೋಟೀನು. ವೈರಸ್ಸು ಹೊಕ್ಕ ಜೀವಕೋಶಗಳು ಇದನ್ನು ರಕ್ತಕ್ಕೆ ಸುರಿಯುತ್ತವೆ. ಜ್ವರ ಬಂದ ಮೊದಲ ದಿನಗಳಿಂದಲೇ ಇದು ರೋಗಿಗಳ ರಕ್ತದಲ್ಲಿ ಹೇರಳವಾಗಿರುವುದೆಂದು 2000ದಲ್ಲಿ ಆಸ್ಟ್ರೇಲಿಯದವರೂ 2002ರಲ್ಲಿ ಫ್ರಾನ್ಸಿನವರೂ ಪ್ರಕಟಿಸಿದರು. ಗರ್ಭಪರೀಕ್ಷೆಗೆ ಅದಾಗಲೇ ಬಳಕೆಯಲ್ಲಿದ್ದ ಪಟ್ಟಿಯ ಉಪಾಯವನ್ನು ಇದಕ್ಕೆ ಅಳವಡಿಸಲಾಯಿತು. ಪಟ್ಟಿಯ ತುದಿಗೆ ಬಿದ್ದ ರಕ್ತದ್ರವವು ಹರಿಯುವಾಗ, ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು ಎನ್‌ಎಸ್1ನ್ನು ಹಿಡಿದು ಮುಂದೆ ಸಾಗಿ, ನಿಯತವಾದ ಗೆರೆಯಲ್ಲಿ ಸಿಕ್ಕಿ ಕೆಂಪಾಗಿ ತೋರುತ್ತವೆ. ಮತ್ತೊಂದು ಗೆರೆ ಪಟ್ಟಿಯು ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿ. ಇಷ್ಟಕ್ಕೆ ಸುಮಾರು 20 ನಿಮಿಷ ಸಾಕು.

ಪಟ್ಟಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಗೆರೆ ಮೂಡಿದರೆ ಬಹುಮಟ್ಟಿಗೆ ನಂಬಬಹುದು; ಮೂಡದಿದ್ದರೆ ಡೆಂಗ್ಯೂ ಅಲ್ಲವೆನ್ನಲಾಗದು. ಎರಡನೆಯ ಸಲ ಸೋಂಕು ತಗುಲಿದವರಲ್ಲಿ ಹಳೆಯ ಪ್ರತಿಕಾಯಗಳು ಎನ್‌ಎಸ್1ನ್ನು ಮೊದಲೇ ಹಿಡಿದುಕೊಳ್ಳುವುದರಿಂದ ಗೆರೆ ಮೂಡದೆ ಹೋಗುವುದುಂಟು. ವಿಪರ್ಯಾಸವೆಂದರೆ, ರೋಗವು ಉಲ್ಬಣಿಸುವ ಭಯ ಹೆಚ್ಚಾಗಿರುವುದೂ ಅವರಲ್ಲಿಯೇ. ಭಾರತ ಸರಕಾರದ ಮಾರ್ಗಸೂಚಿಯು ತ್ವರಿತ ಪಟ್ಟಿಯ ಫಲಿತವನ್ನು ಸಂಭವವೆಂದು ಮಾತ್ರ ಗಣಿಸಿ, ನಿಶ್ಚಯಕ್ಕೆ ಎಲೈಸಾ ಪರೀಕ್ಷೆಯನ್ನು ಬೇಡುವುದು ಸಕಾರಣವಾಗಿಯೇ ಇದೆ. 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ಕರ್ನಾಟಕ ಸರಕಾರವು ಆ ವರ್ಷ ಖಾಸಗಿ ಪರೀಕ್ಷಾಲಯಗಳು ಈ ಪರೀಕ್ಷೆಗಳಿಗೆ ಪಡೆಯಬಹುದಾದ ಹಣಕ್ಕೂ ಮಿತಿ ಹಾಕಿತು.

ರೋಗಿಗಳಲ್ಲಿ ಯಾರ ಸ್ಥಿತಿ ವಿಷಮಿಸುವುದೆಂಬುದನ್ನು ಈ ಗೆರೆ ತಿಳಿಸಲಾರದು. ಜ್ವರ ಇಳಿದು ಮನೆಯವರು ನೆಮ್ಮದಿಗೊಳ್ಳುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರತೊಡಗುವುದುಂಟು. ಆಗ ವೈದ್ಯನು ನೋಡಬೇಕಾದುದು ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತದ ಸಾಂದ್ರತೆ, ನಾಡಿ ಇವುಗಳನ್ನು.