ಪಾಷಾಣ, ಬಳ್ಳಿ, ಕಷಾಯ: ಕ್ಯಾನ್ಸರ್ ಮತ್ತು ಚೀನೀ ವೈದ್ಯದ ಸುತ್ತ ಬೆಳೆದ ತಪ್ಪು ತಿಳಿವಳಿಕೆಗಳು

ಚೀನೀ ವೈದ್ಯರು ಸಾವಿರಾರು ವರ್ಷಗಳಿಂದ ಕ್ಯಾನ್ಸರ್ ಗುಣಪಡಿಸುತ್ತ ಬಂದಿದ್ದಾರೆ ಎಂಬ ಮಾತು ಜಾಹೀರಾತುಗಳಲ್ಲೂ ವಾಟ್ಸಾಪ್ ಸಂದೇಶಗಳಲ್ಲೂ ಸಲೀಸಾಗಿ ಓಡಾಡುತ್ತಿದೆ. ಆ ಪರಂಪರೆಯ ದೊಡ್ಡ ವೈದ್ಯರೇ ಇದನ್ನು ಒಪ್ಪುತ್ತಿರಲಿಲ್ಲ. ಮಿಂಗ್ ಕಾಲದ ಶಸ್ತ್ರವೈದ್ಯ ಚೆನ್ ಶಿಗಾಂಗ್ 1617ರ ತನ್ನ ಗ್ರಂಥ ‘ವಾಯ್‌ಕೆ ಝೆಂಗ್‌ಜಾಂಗ್’ನಲ್ಲಿ ಹೆಂಗಸರ ಸ್ತನದಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಗಂಟನ್ನು ವಿವರವಾಗಿ ವರ್ಣಿಸಿದ್ದಾನೆ. ಮೊದಮೊದಲು ನೋವಿಲ್ಲದ ಸಣ್ಣ ಗಂಟು, ವರ್ಷಗಳು ಕಳೆದಂತೆ ಬೆಳೆಯುತ್ತದೆ, ಕೊನೆಗೆ ಒಡೆದು ಹುಣ್ಣಾಗುತ್ತದೆ. ಆ ಹಂತ ತಲುಪಿದವರು ಉಳಿಯುವುದಿಲ್ಲ ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದ. ನೋಡಿದ್ದನ್ನು ನೋಡಿದಂತೆ ಹೇಳಿದ ಆ ಪ್ರಾಮಾಣಿಕತೆ ಅವನ ಹೆಸರಿನಲ್ಲಿ ಮದ್ದು ಮಾರುವವರಲ್ಲಿ ಇದ್ದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಇಂದು ನಾವು ಕಾಣುವ ಚೀನೀ ಕ್ಯಾನ್ಸರ್ ವೈದ್ಯ ಇಪ್ಪತ್ತನೆಯ ಶತಮಾನದ ಕೂಸು. 1949ರ ನಂತರ ಹೊಸ ಸರ್ಕಾರದ ಮುಂದೆ ಕೋಟಿಗಟ್ಟಲೆ ಜನರಿದ್ದರು, ಆಧುನಿಕ ವೈದ್ಯರು ಬೆರಳೆಣಿಕೆಯಷ್ಟಿದ್ದರು. ಸಾಂಪ್ರದಾಯಿಕ ವೈದ್ಯರನ್ನು ಆಸ್ಪತ್ರೆಗಳೊಳಗೆ ಕರೆತರುವುದು ಆಗ ಅನಿವಾರ್ಯವೂ ಆಗಿತ್ತು, ರಾಷ್ಟ್ರಾಭಿಮಾನದ ಸಂಗತಿಯೂ ಆಗಿತ್ತು. 1955ರಲ್ಲಿ ಬೀಜಿಂಗ್‌ನಲ್ಲಿ ಸಾಂಪ್ರದಾಯಿಕ ವೈದ್ಯದ ಅಕಾಡೆಮಿ ಶುರುವಾಯಿತು. ಅದರ ಗ್ವಾಂಗ್‌ಅನ್‌ಮೆನ್ ಆಸ್ಪತ್ರೆಯಲ್ಲಿ 1960ರ ದಶಕದಲ್ಲಿ ಕ್ಯಾನ್ಸರ್ ವಿಭಾಗ ತೆರೆಯಿತು. ಅಲ್ಲಿ ರೂಪುಗೊಂಡ ಚಿಕಿತ್ಸಾಸೂತ್ರದಲ್ಲಿ ಎರಡು ಭಾಗ: ದೇಹದ ಬಲವನ್ನು ಎತ್ತಿಹಿಡಿಯುವುದು, ಕೇಡನ್ನು ಹೊರದೂಡುವುದು. ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕೀಮೋ ಎಲ್ಲವೂ ಪಕ್ಕದಲ್ಲೇ ನಡೆಯುತ್ತಿದ್ದವು. ಕಷಾಯದ ಕೆಲಸ ಹೆಚ್ಚಾಗಿ ಆ ಚಿಕಿತ್ಸೆಗಳ ಹೊಡೆತವನ್ನು ರೋಗಿ ತಾಳಿಕೊಳ್ಳುವಂತೆ ನೋಡಿಕೊಳ್ಳುವುದಾಗಿತ್ತು. ಅಲೋಪಥಿ ಬರೀ ಗೆಡ್ಡೆ ತೆಗೆಯುತ್ತದೆ, ಚೀನೀ ಮದ್ದು ರೋಗದ ಬೇರನ್ನೇ ಕೀಳುತ್ತದೆ, ಆದ್ದರಿಂದ ಆಪರೇಷನ್ ಬೇಡ ಎಂಬ ವಾದ ಈ ವೈದ್ಯರದಲ್ಲ. ಅದು ಆಸ್ಪತ್ರೆಯ ಗೇಟಿನ ಹೊರಗೆ ಹುಟ್ಟಿದ್ದು.

ಈ ಕ್ಷೇತ್ರದ ಅತಿ ದೊಡ್ಡ ಗೆಲುವು ಈಶಾನ್ಯದ ಹಾರ್ಬಿನ್ ನಗರದಲ್ಲಿ ದೊರಕಿತು. ಅತಿ ಹೆಚ್ಚು ತಪ್ಪಾಗಿ ಅರ್ಥವಾದದ್ದೂ ಅದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸಬೇಕು.

1970ರ ದಶಕದ ಆರಂಭದಲ್ಲಿ ಹಳ್ಳಿಗಾಡಿನ ನಾಟಿ ವೈದ್ಯರೊಬ್ಬರ ಮದ್ದಿನ ಸುದ್ದಿ ಹಾರ್ಬಿನ್‌ನ ವೈದ್ಯರ ಕಿವಿಗೆ ಬಿತ್ತು. ಅದರಲ್ಲಿದ್ದದ್ದು ಪಾಷಾಣ, ಪಾದರಸದ ಲವಣ, ನೆಲಗಪ್ಪೆಯ ವಿಷ. ಔಷಧ ತಯಾರಕ ಹಾನ್ ತೈಯುನ್ ಅದನ್ನು ಚುಚ್ಚುಮದ್ದಾಗಿಸಿದರು. ವೈದ್ಯ ಝಾಂಗ್ ಟಿಂಗ್‌ಡಾಂಗ್ ಮತ್ತು ಅವರ ಸಂಗಡಿಗರು ರೋಗಿಗಳಲ್ಲಿ ಪರೀಕ್ಷಿಸತೊಡಗಿದರು. ಅವರ ದೊಡ್ಡತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಮದ್ದು ಕೆಲಸ ಮಾಡುತ್ತಿದೆ ಎಂದು ಕಂಡ ಮೇಲೂ ಅವರು ಅದನ್ನು ಪೂಜಿಸುತ್ತ ಕೂರಲಿಲ್ಲ. ಒಂದೊಂದೇ ಘಟಕವನ್ನು ಬಿಟ್ಟು ನೋಡಿದರು. ಪಾದರಸ ಕಿಡ್ನಿಗೆ ಪೆಟ್ಟು ಕೊಡುತ್ತಿತ್ತು, ಕಪ್ಪೆಯ ವಿಷ ರಕ್ತದೊತ್ತಡ ಏರಿಸುತ್ತಿತ್ತು. ಎರಡನ್ನೂ ಕೈಬಿಟ್ಟರೂ ಫಲ ಉಳಿಯಿತು. ಅಂದರೆ ಗುಣ ಇದ್ದದ್ದು ಪಾಷಾಣದಲ್ಲಿ, ರಸಾಯನಶಾಸ್ತ್ರದ ಭಾಷೆಯಲ್ಲಿ ಆರ್ಸೆನಿಕ್ ಟ್ರೈಆಕ್ಸೈಡ್‌ನಲ್ಲಿ. ಹಲವು ಬಗೆಯ ಕ್ಯಾನ್ಸರ್‌ಗಳ ಮೇಲೆ ಅದನ್ನು ಪ್ರಯೋಗಿಸಿ, ಅಕ್ಯೂಟ್ ಪ್ರೊಮೈಲೊಸಿಟಿಕ್ ಲ್ಯುಕೇಮಿಯಾ ಎಂಬ ಒಂದು ಬಗೆಯ ರಕ್ತಕ್ಯಾನ್ಸರಿನಲ್ಲೇ ಅದು ಎದ್ದು ಕಾಣುವಂತೆ ಫಲಿಸುತ್ತದೆ ಎಂಬುದನ್ನೂ ಅವರೇ ಗುರುತಿಸಿದರು.

ಹೊರಜಗತ್ತು ಇದನ್ನು ನಂಬಿದ್ದು ತಡವಾಗಿ. ಈ ರೋಗ ಮರುಕಳಿಸಿದ 15 ಮಂದಿಗೆ ಪಾಷಾಣ ಕೊಟ್ಟು, 14 ಮಂದಿಯಲ್ಲಿ ರೋಗ ಪೂರ್ತಿ ಇಳಿದ ವರದಿಯನ್ನು ಶಾಂಘೈನ ವೈದ್ಯರು 1997ರಲ್ಲಿ ಪ್ರಕಟಿಸಿದರು. ಅಮೆರಿಕದ ಔಷಧ ನಿಯಂತ್ರಕರು 2000ದಲ್ಲಿ ಒಪ್ಪಿಗೆ ಕೊಟ್ಟರು. ಶಾಂಘೈನ ವಾಂಗ್ ಝೆನ್‌ಯಿ 1980ರ ದಶಕದಲ್ಲಿ ಇದೇ ರೋಗಕ್ಕೆ ಎ ಜೀವಸತ್ವದ ಸಂಬಂಧಿಯಾದ ರೆಟಿನಾಯಿಕ್ ಆಮ್ಲವನ್ನು ಬಳಸಿ ಗೆದ್ದಿದ್ದರು. ಎರಡನ್ನೂ ಜೋಡಿಸಿ ಇಟಲಿ ಮತ್ತು ಜರ್ಮನಿಯ ವೈದ್ಯರು ನಡೆಸಿದ ಪರೀಕ್ಷೆಯ ಫಲ 2013ರಲ್ಲಿ ಹೊರಬಂತು: ಎರಡು ವರ್ಷಗಳ ನಂತರ ರೋಗದ ಉಪದ್ರವವಿಲ್ಲದೆ ಬದುಕಿದ್ದವರು ಶೇಕಡ 97, ಕೀಮೋ ಸೇರಿದ ಹಳೆಯ ಕ್ರಮದಲ್ಲಿ ಶೇಕಡ 86. ಒಂದು ಕಾಲಕ್ಕೆ ಕೆಲವೇ ದಿನಗಳಲ್ಲಿ ಕೊಲ್ಲುತ್ತಿದ್ದ ಈ ಕಾಯಿಲೆ ಕೀಮೋ ಇಲ್ಲದೆಯೇ ವಾಸಿಯಾಗುವ ಮಟ್ಟಕ್ಕೆ ಬಂದಿದ್ದು ವೈದ್ಯಲೋಕದ ಅಪರೂಪದ ಸಂತೋಷಗಳಲ್ಲಿ ಒಂದು.

ವಿಷಕ್ಕೆ ವಿಷವೇ ಮದ್ದು ಎಂಬ ಹಳೆಯ ಸೂತ್ರಕ್ಕೆ ಇದರಿಂದ ಹೊಸ ಜೀವ ಬಂತು. ಚೇಳು, ಜರಿ, ವಿಷದ ಹುಳು, ಪಾಷಾಣದ ಪುಡಿ ಇವನ್ನೆಲ್ಲ ಯಾವ ಗೆಡ್ಡೆಗಾದರೂ ಕೊಡಬಹುದೆಂಬ ಧೈರ್ಯವೂ ಬಂತು. ಪಾಷಾಣ ಒಳಗೆ ಮಾಡುವ ಕೆಲಸ ಗೊತ್ತಾದರೆ ಆ ಧೈರ್ಯ ನಿಲ್ಲುವುದಿಲ್ಲ. ಈ ಲ್ಯುಕೇಮಿಯಾದಲ್ಲಿ 15 ಮತ್ತು 17ನೆಯ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಒಂದು ವಿಕೃತ ಪ್ರೋಟೀನು ಹುಟ್ಟುತ್ತದೆ. ಎಳೆಯ ರಕ್ತಕಣಗಳು ಬಲಿಯದಂತೆ ತಡೆಯುವುದು ಅದೇ. ಆರ್ಸೆನಿಕ್ ಆ ಪ್ರೋಟೀನಿಗೆ ನೇರವಾಗಿ ಅಂಟಿಕೊಂಡು ಅದನ್ನು ನಾಶಕ್ಕೆ ಒಪ್ಪಿಸುತ್ತದೆ. ಸ್ತನ, ಶ್ವಾಸಕೋಶ, ಜಠರದ ಕ್ಯಾನ್ಸರುಗಳಲ್ಲಿ ಆ ಪ್ರೋಟೀನೇ ಇಲ್ಲ. ಮೇಲಾಗಿ, ಕುಡಿಯುವ ನೀರಿನಲ್ಲಿ ವರ್ಷಗಟ್ಟಲೆ ದೇಹ ಸೇರುವ ಆರ್ಸೆನಿಕ್ ಚರ್ಮ, ಶ್ವಾಸಕೋಶ, ಮೂತ್ರಕೋಶಗಳಲ್ಲಿ ಕ್ಯಾನ್ಸರ್ ಹುಟ್ಟಿಸುತ್ತದೆ ಎಂಬುದೂ ಸಾಬೀತಾದ ಸಂಗತಿ. ಆಸ್ಪತ್ರೆಯಲ್ಲಿ ಇದನ್ನು ಕೊಡುವಾಗ ಹೃದಯದ ಇಸಿಜಿ, ರಕ್ತದ ಪೊಟ್ಯಾಸಿಯಂ ಎರಡನ್ನೂ ಕಾಯುತ್ತಾರೆ.

ಗಿಡಮೂಲದ ಔಷಧಗಳ ಕಥೆ ಬೇರೆ ದಾರಿ ಹಿಡಿಯಿತು. ಕ್ಯಾನ್ಸರ್ ಔಷಧಗಳು ಗಿಡಗಳಿಂದಲೇ ಬಂದಿವೆಯಲ್ಲ, ನಾವು ಗಿಡವನ್ನೇ ಕುದಿಸಿ ಕುಡಿದರೆ ಏನು ತಪ್ಪು ಎಂದು ಕೇಳುವವರಿದ್ದಾರೆ. ಅವರು ಒಂದು ಮರದ ಕಥೆ ಕೇಳಬೇಕು. ಚೀನಾ ಮೂಲದ ಕ್ಯಾಂಪ್ಟೊಥೀಕ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್-ವಿರೋಧಿ ಅಂಶ ಇರುವುದನ್ನು 1966ರಲ್ಲಿ ಪ್ರಕಟಿಸಿದವರು ಅಮೆರಿಕದಲ್ಲಿದ್ದ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾಣಿ. ಸಾವಿರಾರು ಗಿಡಗಳ ಸಾರವನ್ನು ಸಾಲಾಗಿ ಪರೀಕ್ಷಿಸುವ ಸರ್ಕಾರಿ ಯೋಜನೆ ಅವರನ್ನು ಅಲ್ಲಿಗೆ ಮುಟ್ಟಿಸಿತು. ಶುರುವಿನಲ್ಲಿ ಅದರ ಲವಣವನ್ನು ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗುವಷ್ಟು ಕಾಟ ಕೊಟ್ಟು, ಪ್ರಯೋಗ ನಿಂತುಹೋಯಿತು. ಅಣುವಿನ ರಚನೆಯನ್ನು ತಿದ್ದಿ ತಿದ್ದಿ 1996ರ ಹೊತ್ತಿಗೆ ಟೋಪೊಟೆಕಾನ್, ಐರಿನೊಟೆಕಾನ್ ಎಂಬ ಬಳಸಬಲ್ಲ ಔಷಧಗಳು ಬಂದವು. ಮೂವತ್ತು ವರ್ಷ ಹಿಡಿಯಿತು. ಇದೇ ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಧಾರಾಳವಾಗಿದೆ ಎಂಬುದು 1972ರಲ್ಲಿ ಗೊತ್ತಾಯಿತು. ಹೊರದೇಶಗಳ ಬೇಡಿಕೆಗೆ ಮರಗಳನ್ನು ಮಿತಿಮೀರಿ ಕಡಿದು ಅದು ಈಗ ಕಾಪಾಡಬೇಕಾದ ಜಾತಿಗಳ ಸಾಲಿಗೆ ಸೇರಿದೆ. ಮಲೆನಾಡಿನ ಕಾಡು ಜಗತ್ತಿನ ಕ್ಯಾನ್ಸರ್ ವಾರ್ಡುಗಳಿಗೆ ತೆತ್ತ ಬೆಲೆ ಅದು, ನಾವು ಮರೆಯಬಾರದ್ದು.

ಇನ್ನೊಂದು ನಂಬಿಕೆ ಇವೆಲ್ಲಕ್ಕಿಂತ ಹೆಚ್ಚು ಜೀವ ತಿಂದಿದೆ ಎಂದು ನನಗೆ ಅನಿಸುತ್ತದೆ: ನೈಸರ್ಗಿಕವಾದದ್ದು, ಮಾಡಿದರೆ ಒಳ್ಳೆಯದು ಮಾಡೀತು, ಕೆಟ್ಟದ್ದಂತೂ ಮಾಡದು.

1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ ಮಾತ್ರೆಗಳಿಗೆ ಚೀನೀ ಮೂಲಿಕೆಗಳನ್ನು ಸೇರಿಸಲಾಯಿತು. ಕೆಲವೇ ಕಾಲದಲ್ಲಿ ಅಲ್ಲಿಗೆ ಹೋಗಿದ್ದ ಹೆಂಗಸರ ಕಿಡ್ನಿಗಳು ಒಂದರ ಹಿಂದೊಂದು ಕೈಕೊಟ್ಟವು. 1993ರಲ್ಲಿ ವೈದ್ಯರು ಮೊದಲ ವರದಿ ಬರೆದರು, ಮುಂದೆ ರೋಗಿಗಳ ಸಂಖ್ಯೆ ನೂರು ದಾಟಿತು. ಚೀನೀ ಔಷಧದಲ್ಲಿ ‘ಫಾಂಗ್‌ಜಿ’ ಎಂಬ ಹೆಸರಿನಲ್ಲಿ ಬೇರೆ ಬೇರೆ ಗಿಡಗಳ ಬೇರುಗಳು ಬಿಕರಿಯಾಗುತ್ತವೆ. ಬೇಕಾಗಿದ್ದ ಸ್ಟೆಫಾನಿಯಾದ ಜಾಗದಲ್ಲಿ ಅರಿಸ್ಟೊಲೋಕಿಯ ಜಾತಿಯ ಬೇರು ಬಂದಿತ್ತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಒಣಗಿಸುವುದಷ್ಟೇ ಅಲ್ಲ, ಡಿಎನ್‌ಎಗೆ ಅಂಟಿಕೊಂಡು ಅಲ್ಲಿ ತನ್ನದೇ ಗುರುತು ಬಿಡುತ್ತದೆ. ಕಿಡ್ನಿ ಪೂರ್ತಿ ಹೋಗಿದ್ದ 39 ಮಂದಿ, ಮುಂದಿನ ಅಪಾಯ ತಪ್ಪಿಸಲು ತಮ್ಮ ಕಿಡ್ನಿ ಮತ್ತು ಮೂತ್ರನಾಳಗಳನ್ನು ತೆಗೆಸಿಕೊಂಡರು. ಅವರಲ್ಲಿ 18 ಮಂದಿಗೆ ಆಗಲೇ ಅಲ್ಲಿ ಕ್ಯಾನ್ಸರ್ ಬಂದಿತ್ತು. ಈ ವರದಿ ಬಂದಿದ್ದು 2000ದಲ್ಲಿ.

ತೈವಾನಿನಲ್ಲಿ ಇದರ ಹರವು ಇನ್ನೂ ದೊಡ್ಡದು. 2003ರಲ್ಲಿ ಸರ್ಕಾರ ನಿಷೇಧಿಸುವ ಮುಂಚಿನ ಆರೇಳು ವರ್ಷಗಳಲ್ಲಿ ಅಲ್ಲಿನ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ಈ ಆಮ್ಲವಿರಬಹುದಾದ ಔಷಧಗಳನ್ನು ಒಮ್ಮೆಯಾದರೂ ಪಡೆದಿದ್ದರು. 2017ರಲ್ಲಿ 98 ತೈವಾನೀ ಲಿವರ್ ಕ್ಯಾನ್ಸರ್ ಗೆಡ್ಡೆಗಳ ಡಿಎನ್‌ಎ ಓದಿದಾಗ ಶೇಕಡ 78ರಲ್ಲಿ ಆ ಆಮ್ಲದ ಗುರುತು ಸಿಕ್ಕಿತು. ಶತಮಾನಗಳಿಂದ ಬಳಕೆಯಲ್ಲಿದ್ದ ಮೂಲಿಕೆಯ ಅಪಾಯ ಇಷ್ಟು ಕಾಲ ಯಾರಿಗೂ ಕಾಣಲಿಲ್ಲವೇಕೆ? ಇಂದು ಕುಡಿದದ್ದು ಎಷ್ಟೋ ವರ್ಷಗಳ ನಂತರ ಗೆಡ್ಡೆಯಾದರೆ, ಯಾವ ವೈದ್ಯನ ಅನುಭವವೂ ಆ ಎರಡು ತುದಿಗಳನ್ನು ಸೇರಿಸಲಾರದು. ಹಳೆಯದು, ಆದ್ದರಿಂದ ಸುರಕ್ಷಿತ ಎಂಬ ತರ್ಕ ಸೋಲುವುದು ಇಲ್ಲೇ. ನಮ್ಮಲ್ಲಿ ಹಾವು ಕಡಿತಕ್ಕೆ ಹೆಸರಾದ ಈಶ್ವರಿ ಬಳ್ಳಿಯೂ ಅರಿಸ್ಟೊಲೋಕಿಯ ಕುಲದ್ದೇ, ಅದರಲ್ಲೂ ಈ ಆಮ್ಲವಿದೆ.

ಬೆರಕೆಯ ಮಾತು ಬೇರೆಯೇ. ಎಂಟು ಮೂಲಿಕೆಗಳ ಮಿಶ್ರಣವೆಂದು ಕ್ಯಾಲಿಫೋರ್ನಿಯಾದಿಂದ ಮಾರಾಟವಾಗುತ್ತಿದ್ದ ಪಿಸಿ-ಸ್ಪೆಸ್ ಎಂಬ ಮಾತ್ರೆ ಪ್ರಾಸ್ಟೇಟ್ ಕ್ಯಾನ್ಸರಿನವರಲ್ಲಿ ನಿಜಕ್ಕೂ ಫಲ ತೋರಿಸಿತ್ತು. ಪರೀಕ್ಷಿಸಿದರೆ ಅದರೊಳಗೆ ಕೃತಕ ಈಸ್ಟ್ರೊಜೆನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್ ಸಿಕ್ಕವು. 2002ರಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು.

ಎರಡೂ ಮದ್ದು ಒಟ್ಟಿಗೆ ತೆಗೆದುಕೊಂಡರೆ ಎರಡರ ಲಾಭವೂ ಸಿಗುತ್ತದೆ ಎಂದುಕೊಳ್ಳುವವರ ಲೆಕ್ಕವೂ ಸದಾ ಸರಿಹೋಗುವುದಿಲ್ಲ. ಲಿವರ್ ಕಾಯಿಲೆಗೆ ಜಪಾನಿನಲ್ಲಿ ಜನಪ್ರಿಯವಾಗಿದ್ದ, ಚೀನೀ ಮೂಲದ ಶೋಸೈಕೊತೊ ಎಂಬ ಔಷಧವನ್ನು ಇಂಟರ್‌ಫೆರಾನ್ ಜೊತೆ ತೆಗೆದುಕೊಂಡವರಲ್ಲಿ ಶ್ವಾಸಕೋಶ ಊದಿಕೊಂಡು ಸಾವುಗಳಾದವು. 1990ರ ದಶಕದಲ್ಲಿ ಆ ಜೋಡಿಯನ್ನೇ ನಿಷೇಧಿಸಬೇಕಾಯಿತು. ಜೇಷ್ಠಮಧು ಚೀನೀ ಕಷಾಯಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಇರುವ ಬೇರು, ನಮ್ಮ ಮನೆಗಳಲ್ಲೂ ಕೆಮ್ಮಿಗೆ ಅದೇ. ಹೆಚ್ಚು ದಿನ ತೆಗೆದುಕೊಂಡರೆ ಪೊಟ್ಯಾಸಿಯಂ ಇಳಿಸುತ್ತದೆ. ಮೇಲೆ ಹೇಳಿದ ಆರ್ಸೆನಿಕ್ ಚಿಕಿತ್ಸೆ ನಡೆಯುತ್ತಿರುವವರ ಹೃದಯಕ್ಕೆ ಅಂಥ ಇಳಿತ ಅಪಾಯ.

ಹಾಗಾದರೆ ಚೀನಾದಿಂದ ಸಾವಿರಾರು ಅಧ್ಯಯನಗಳು ಬಂದಿವೆಯಲ್ಲ? ಬಂದಿವೆ. ಆದರೆ 1998ರಲ್ಲಿ ಸಂಶೋಧಕ ಆಂಡ್ರ್ಯೂ ವಿಕರ್ಸ್ ಮತ್ತು ಸಂಗಡಿಗರು ಗಮನಿಸಿದಂತೆ, ಅವರು ನೋಡಿದ ಚೀನೀ ಅಕ್ಯುಪಂಕ್ಚರ್ ಪರೀಕ್ಷೆಗಳಲ್ಲಿ ಸೋತದ್ದು ಒಂದೂ ಇರಲಿಲ್ಲ. ಚೀನಾದ ಸಂಶೋಧಕರೇ 2009ರಲ್ಲಿ ತಮ್ಮ ದೇಶದ ಪತ್ರಿಕೆಗಳ ಲೇಖಕರಿಗೆ ಫೋನು ಮಾಡಿ, ರೋಗಿಗಳನ್ನು ಗುಂಪುಗಳಿಗೆ ಹೇಗೆ ಹಂಚಿದಿರಿ ಎಂದು ವಿಚಾರಿಸಿದರು. ನಿಜವಾಗಿ ಚೀಟಿ ಎತ್ತಿದಂತೆ ಹಂಚಿದ್ದವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ತಮ್ಮ ಮನೆಯ ಕಸವನ್ನು ತಾವೇ ಗುಡಿಸಿದ ಈ ಕೆಲಸಕ್ಕೆ ನಾನು ತುಂಬ ಗೌರವ ಕೊಡುತ್ತೇನೆ. ಅದೇ ಕಾಲಕ್ಕೆ ಶಾಂಘೈ ಮತ್ತು ಅಮೆರಿಕದ ವೈದ್ಯರು ಸೇರಿ ನೆಲಗಪ್ಪೆಯ ಚರ್ಮದಿಂದ ತೆಗೆದ ಹುವಾಚಾನ್ಸು ಚುಚ್ಚುಮದ್ದನ್ನು ಮೇದೋಜ್ಜೀರಕದ ಕ್ಯಾನ್ಸರಿನವರಲ್ಲಿ ಶಿಸ್ತಾಗಿ ಪರೀಕ್ಷಿಸಿದರು. ಕೀಮೋ ಜೊತೆ ಕೊಟ್ಟಾಗ ಯಾವ ಹೆಚ್ಚುವರಿ ಲಾಭವೂ ಕಾಣಲಿಲ್ಲ. ಅದನ್ನೂ ಪ್ರಕಟಿಸಿದರು.

ಇನ್ನೊಂದು ತುದಿಯಲ್ಲಿ, ಇದೆಲ್ಲ ಬರೀ ಮೂಢನಂಬಿಕೆ ಎನ್ನುವವರಿದ್ದಾರೆ. ಅದೂ ತಪ್ಪು. ಸ್ತನ ಕ್ಯಾನ್ಸರ್ ಮರುಕಳಿಸದಂತೆ ವರ್ಷಗಟ್ಟಲೆ ನುಂಗಬೇಕಾದ ಅರೊಮಟೇಸ್ ತಡೆಮಾತ್ರೆಗಳು ಕೀಲುನೋವು ತರುತ್ತವೆ, ಎಷ್ಟೋ ಹೆಂಗಸರು ಅದನ್ನು ತಾಳಲಾರದೆ ಮಾತ್ರೆಯನ್ನೇ ಬಿಡುತ್ತಾರೆ. 226 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಅಕ್ಯುಪಂಕ್ಚರ್, ಹುಸಿ ಸೂಜಿಗಿಂತ ನೋವನ್ನು ಹತ್ತರ ಅಳತೆಯಲ್ಲಿ ಸುಮಾರು ಒಂದು ಅಂಕದಷ್ಟು ಹೆಚ್ಚು ತಗ್ಗಿಸಿತು. ಸಣ್ಣ ಲಾಭವೇ. ಆದರೂ ಮಾತ್ರೆ ಬಿಡದೆ ಮುಂದುವರಿಯಲು ಅಷ್ಟು ಸಾಕಾಗಬಹುದು, ಮಾತ್ರೆ ಮುಂದುವರಿದರೆ ಜೀವ ಉಳಿಯಬಹುದು. ಯೇಲ್ ವಿಶ್ವವಿದ್ಯಾಲಯದ ಯುಂಗ್-ಚಿ ಚೆಂಗ್ ಅವರು ಸುಮಾರು 1,800 ವರ್ಷ ಹಳೆಯ, ನಾಲ್ಕು ಮೂಲಿಕೆಗಳ ಭೇದಿಯ ಕಷಾಯವನ್ನು ತೆಗೆದುಕೊಂಡು, ಪ್ರತಿ ತಯಾರಿಯ ರಾಸಾಯನಿಕ ಮುದ್ರೆ ಒಂದೇ ಇರುವಂತೆ ನೋಡಿಕೊಂಡು, ಐರಿನೊಟೆಕಾನ್ ತರುವ ಭೇದಿಗೆ ಅದನ್ನು ಪರೀಕ್ಷಿಸುವ ಕೆಲಸಕ್ಕೆ ದಶಕಗಳನ್ನು ಕೊಟ್ಟಿದ್ದಾರೆ. ಇಲಿಗಳ ಕರುಳಿನಲ್ಲಿ ಹಾಳಾದ ಒಳಪದರ ಅದರಿಂದ ಬೇಗ ಮತ್ತೆ ಬೆಳೆಯಿತು ಎಂದು 2010ರಲ್ಲಿ ವರದಿಯಾಯಿತು. ಕ್ಯಾನ್ಸರನ್ನು ಕೊಲ್ಲುತ್ತದೆ ಎಂದು ಈ ಕಷಾಯದ ಬಗ್ಗೆ ಹಳೆಯ ಗ್ರಂಥವೂ ಹೇಳಿರಲಿಲ್ಲ.

ಊಟದ ವಿಷಯಕ್ಕೆ ಬಂದರೆ ಚೀನಾ ನಮಗೆ ತೀರ ಹತ್ತಿರ. ಅಲ್ಲಿ ‘ಫಾವು’ ಎಂಬ ಪದಾರ್ಥಗಳ ಪಟ್ಟಿ ಇದೆ, ಕೋಳಿ, ಮೀನು, ಸೀಗಡಿ ಇಂಥವು ರೋಗವನ್ನು ಕೆರಳಿಸುತ್ತವೆ ಎಂಬ ಭಯದಿಂದ ಕ್ಯಾನ್ಸರ್ ರೋಗಿಗಳು ಅವನ್ನು ಮುಟ್ಟುವುದಿಲ್ಲ. ನಮ್ಮಲ್ಲಿ ಆಪರೇಷನ್ ಆದವರಿಗೆ ಬದನೆಕಾಯಿ ನಂಜು, ಮೀನು ನಂಜು ಎಂದು ಅಜ್ಜಿಯಂದಿರು ತಡೆಯುವುದು ಇದೇ ನಂಬಿಕೆಯ ಸೋದರಿ. ಕೀಮೋದಿಂದ ಮೊದಲೇ ಬಾಯಿ ಕೆಟ್ಟು, ತೂಕ ಇಳಿದವರಿಗೆ ಪ್ರೋಟೀನಿನ ಮೂಲವನ್ನೇ ಮುಚ್ಚಿದರೆ ಮುಂದಿನ ಸುತ್ತಿನ ಚಿಕಿತ್ಸೆಗೆ ದೇಹ ಸಿದ್ಧವಾಗುವುದಿಲ್ಲ.

ಚಿಕಿತ್ಸೆಯನ್ನೇ ಬಿಟ್ಟವರ ಲೆಕ್ಕ 2018ರಲ್ಲಿ ಅಮೆರಿಕದಿಂದ ಬಂತು. ಗುಣವಾಗಬಲ್ಲ ಹಂತದಲ್ಲಿದ್ದೂ ಬರೀ ಪರ್ಯಾಯ ಮದ್ದನ್ನು ಆರಿಸಿಕೊಂಡ 281 ಮಂದಿಯಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಿ ಐದೂವರೆ ಪಟ್ಟಿಗೂ ಮೇಲೆ. ಈ ಲೆಕ್ಕ ಚೀನೀ ವೈದ್ಯವೊಂದರದ್ದೇ ಅಲ್ಲ, ಎಲ್ಲ ಬಗೆಯ ಪರ್ಯಾಯಗಳದ್ದು. ಕಷಾಯ ಕುಡಿದದ್ದಕ್ಕಿಂತ ಹೆಚ್ಚಾಗಿ, ಆಪರೇಷನ್ನಿನ ದಿನ ದಾಟಿಹೋದದ್ದು ಅವರನ್ನು ಕೊಂದಿತು.

ಬಹಳಷ್ಟು ರೋಗಿಗಳು ಎರಡನ್ನೂ ನಡೆಸುತ್ತಾರೆ, ಬೈಗುಳದ ಭಯದಿಂದ ಡಾಕ್ಟರಿಗೆ ಹೇಳುವುದಿಲ್ಲ. ಲಿವರಿನ ಕಿಣ್ವಗಳು ಏರಿದಾಗ ಡಾಕ್ಟರು ಕೀಮೋವನ್ನೇ ಅನುಮಾನಿಸಿ ಅದರ ಪ್ರಮಾಣ ಇಳಿಸುತ್ತಾರೆ. ಕೇಳುವ ರೀತಿ ಬದಲಾಯಿಸಬೇಕಾದವರು ಡಾಕ್ಟರುಗಳೇ: ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಗದರದೆ, ಪ್ರತಿ ಭೇಟಿಯಲ್ಲೂ. ರೋಗಿಯ ಕಡೆಯವರು ಒಯ್ಯಬೇಕಾದದ್ದು ಡಬ್ಬಿಯನ್ನೇ, ಅದರ ಮೇಲೆ ಸಸ್ಯಶಾಸ್ತ್ರೀಯ ಹೆಸರಿದ್ದರೆ ಅದನ್ನು ಬರೆದುಕೊಂಡು. ಫಾಂಗ್‌ಜಿ ಎಂದಷ್ಟೇ ಬರೆದ ಪೊಟ್ಟಣದಲ್ಲಿ ಯಾವ ಗಿಡದ ಬೇರಿದೆ ಎಂದು ಯಾವ ವೈದ್ಯನೂ ನೋಡಿದ ಮಾತ್ರಕ್ಕೆ ಹೇಳಲಾರ.